ಮಳೆಗೂ ಬಿಡದ ಅಂಟು

ಪ್ರಶ್ನೆ: ಮುಂಗಾರಿಗೆ ಮುನ್ನ ಕರಿಮೆಣಸಿನ ಬಳ್ಳಿಗೆ ಶೇಕಡ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಸಿಂಪಡಿಸುವಾಗ ಪಾಲಿಮರ್ ಇರುವ ಅಂಟನ್ನೂ ಬೆರೆಸುತ್ತೇವೆ. ಪಾಲಿಮರ್ ಅಣುವಿಗೆ ಮೇಲ್ಮೈಯ ಮೇಲಿರುವ ಹಿಡಿತ ತೀರ ದುರ್ಬಲ ಎಂದು ಕಾಲೇಜಿನಲ್ಲಿ ಓದುತ್ತಿರುವ ಮಗಳು ಹೇಳುತ್ತಾಳೆ. ಹಾಗಿದ್ದರೆ ನಮ್ಮ ಮಳೆಗೆ ಅದು ತೊಳೆದುಹೋಗಬೇಕಲ್ಲವೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಪಾಲಿಮರ್ ಅಣುವೆಂದರೆ ಸಣ್ಣ ಘಟಕಗಳು ಕೊಂಡಿಗಳಂತೆ ಜೋಡಿಸಿಕೊಂಡ ಉದ್ದನೆಯ ಸರಪಳಿ. ನಿಮ್ಮ ಮಗಳ ಮಾತು ಸರಿ, ಆದರೆ ಅದು ಸರಪಳಿಯ ಒಂದೊಂದು ಕೊಂಡಿಗೆ ಸಲ್ಲುವ ಮಾತು, ಇಡೀ ಸರಪಳಿಗಲ್ಲ. ಕರಿಮೆಣಸಿನ ಬಳ್ಳಿ ಗಿಣ್ಣುಗಿಣ್ಣಿನ ಸಣ್ಣ ಬೇರುಗಳಿಂದ ಸಿಲ್ವರ್ ಮರವನ್ನು ಹಿಡಿದಿರುವಂತೆ, ಪಾಲಿಮರ್ ಅಣುವೂ ಕೆಲವೆಡೆ ಮೇಲ್ಮೈಗೆ ತಾಗಿ ಮಲಗಿರುತ್ತದೆ, ಕೆಲವೆಡೆ ಕುಣಿಕೆಯಾಗಿ ಮೇಲೆದ್ದಿರುತ್ತದೆ, ತುದಿಗಳನ್ನು ದ್ರವದೊಳಕ್ಕೆ ಚಾಚಿರುತ್ತದೆ. ತಾಗಿದ ಒಂದು ಕೊಂಡಿಯನ್ನು ಎಬ್ಬಿಸಲು ಹಲವು ಸಲ ಕೋಣೆಯ ಉಷ್ಣತೆಯ ಕಂಪನವೇ ಸಾಕು. ಆದರೆ ಎದ್ದ ಕೊಂಡಿ ದೂರ ಹೋಗಲಾರದು, ಏಕೆಂದರೆ ಅಕ್ಕಪಕ್ಕದವು ಇನ್ನೂ ಹಿಡಿದೇ ಇರುತ್ತವೆ. ಮರುಕ್ಷಣ ಅದು ಮತ್ತೆ ಕೂರುತ್ತದೆ. ಅಣು ಬಿಡುಗಡೆಯಾಗಬೇಕಾದರೆ ತಾಗಿದ ನೂರಾರು ಕೊಂಡಿಗಳೂ ಒಟ್ಟಿಗೇ ಏಳಬೇಕು, ಮತ್ತು ಅದರ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಶುದ್ಧ ನೀರಿನಲ್ಲಿ ಎಷ್ಟು ಜಾಲಿಸಿದರೂ ಇಂಥ ಪದರ ಸುಲಭವಾಗಿ ಬಿಡುವುದಿಲ್ಲ.

ಅಂಟಿಕೊಳ್ಳುವುದಕ್ಕೂ ಒಂದು ಬೆಲೆಯಿದೆ. ದ್ರವದಲ್ಲಿ ಅಸಂಖ್ಯ ಭಂಗಿಗಳಲ್ಲಿ ಸುರುಳಿಯಾಗಿದ್ದ ಸರಪಳಿ ಮೇಲ್ಮೈಗೆ ಬಂದಾಗ ಆ ಸ್ವಾತಂತ್ರ್ಯವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಪ್ರತಿ ಕೊಂಡಿಯ ಆಕರ್ಷಣೆ ಈ ನಷ್ಟವನ್ನು ತುಂಬಿಕೊಡದಿದ್ದರೆ ಅಣು ಅಂಟುವುದೇ ಇಲ್ಲ. ಆ ಮಿತಿಯನ್ನು ಸ್ವಲ್ಪ ದಾಟಿದರೂ ಉದ್ದನೆಯ ಸರಪಳಿ ಗಟ್ಟಿಯಾಗಿ ಕೂರುತ್ತದೆ.

ಬಿಡಿಸುವ ದಾರಿಗಳಿಲ್ಲವೆಂದಲ್ಲ. ಪರಮಾಣು ಬಲ ಸೂಕ್ಷ್ಮದರ್ಶಕದ (ಅತಿ ಚೂಪಾದ ಮೊನೆಯಿಂದ ಮೇಲ್ಮೈಯನ್ನು ತಡವಿ ನೋಡುವ ಉಪಕರಣ) ಮೊನೆಗೆ ಒಂದೇ ಸರಪಳಿಯ ತುದಿಯನ್ನು ಕಟ್ಟಿ ಎಳೆದರೆ ಕೊಂಡಿಗಳು ಒಂದರ ಹಿಂದೊಂದು ಏಳುತ್ತವೆ. ಆಗ ಬೇಕಾಗುವ ಬಲ ಸಾಮಾನ್ಯವಾಗಿ ಕೆಲವು ಹತ್ತು ಪಿಕೋನ್ಯೂಟನ್‌ಗಳಷ್ಟಿದ್ದು (ಒಂದು ಪಿಕೋನ್ಯೂಟನ್ ಎಂದರೆ ಬಲದ ಮಾನವಾದ ನ್ಯೂಟನ್ನಿನ ಲಕ್ಷ ಕೋಟಿಯಲ್ಲೊಂದು ಪಾಲು), ಕೊನೆಯ ಕೊಂಡಿ ಬಿಡುವವರೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಇನ್ನೊಂದು ದಾರಿ ಸ್ಪರ್ಧೆ: ಮೇಲ್ಮೈಯನ್ನು ಹೆಚ್ಚು ಬಯಸುವ ಬೇರೆ ಅಣುಗಳು ನೀರಿನಲ್ಲಿದ್ದರೆ, ಕೊಂಡಿ ಎದ್ದ ಜಾಗವನ್ನು ಅವು ಹಿಡಿದುಬಿಡುತ್ತವೆ. ಸೋಪಿನಂಥ ಪದಾರ್ಥಗಳು ಎಷ್ಟೋ ಸಲ ಹೀಗೆಯೇ ಕೆಲಸ ಮಾಡುತ್ತವೆ. ಸಿಂಪಡಣೆಯ ಬೆನ್ನಿಗೇ ಸೋಪಿನ ದ್ರಾವಣ ಹೊಡೆಯದಿರುವುದು ಲೇಸೆಂದು ನನ್ನ ಅಭಿಪ್ರಾಯ.

ತೋಟದಲ್ಲಿ ಇನ್ನೊಂದು ಸಂಗತಿಯೂ ಸೇರುತ್ತದೆ. ಎಲೆಯ ಮೇಲೆ ನೀರು ಆರಿದಾಗ ಸರಪಳಿಗಳು ಹೆಣೆದುಕೊಂಡು ತಾಮ್ರದ ಕಣಗಳನ್ನು ಹಿಡಿದ ಪೊರೆಯಾಗುತ್ತವೆ, ಹಾಗಾಗಿ ಮಳೆಗೆ ಮುನ್ನ ಒಣಗಲು ಬಿಡುವು ಸಿಗಲೇಬೇಕು. ಜೋರು ಹನಿಗಳ ಹೊಡೆತಕ್ಕೆ ಆ ಪೊರೆ ಅಲ್ಲಲ್ಲಿ ಚೂರಾಗಿ ಕಳಚುತ್ತದೆ. ಸಿಂಪಡಿಸಿದ ಮೇಲೆ ಚಿಗುರಿದ ಎಲೆಗಳಿಗಂತೂ ಪೊರೆಯೇ ಇರುವುದಿಲ್ಲ. ಮಳೆ ಬಿಡುವು ಕೊಟ್ಟಾಗ ಮತ್ತೊಮ್ಮೆ ಸಿಂಪಡಿಸಬೇಕಾಗುವುದು ಈ ಎರಡು ಕಾರಣಗಳಿಂದ.