ಬಾಗಿದ ಆಂಟೆನಾ ಅರೇ: ಬಗ್ಗಿಸಿದ ಮೇಲೆ ಲೆಕ್ಕವನ್ನೂ ಬದಲಿಸಿ

ಅರೇ ಅಂದರೆ ಒಟ್ಟಿಗೆ ಕೆಲಸ ಮಾಡುವ ಆಂಟೆನಾಗಳ ಗುಂಪು, ಎಲಿಮೆಂಟ್ ಅಂದರೆ ಅದರಲ್ಲಿನ ಒಂದೊಂದು ಆಂಟೆನಾ, ಫೇಸ್ ಅಂದರೆ ಅಲೆ ತನ್ನ 360 ಡಿಗ್ರಿ ಸುತ್ತಿನಲ್ಲಿ ಎಲ್ಲಿದೆ ಎಂಬುದು. ಅದಕ್ಕಿಂತ ಹೆಚ್ಚು ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಅರೇ ಕಟ್ಟಲು ಹೊರಟವರಿಗೆ ಅಷ್ಟು ಗೊತ್ತಿರಲೇಬೇಕು. ಈ ಸಲವೂ ಓದುಗರಿಂದ ಒಂದೇ ಪ್ರಶ್ನೆ ನಾನಾ ವೇಷದಲ್ಲಿ ಬಂದಿದೆ: ಸಪಾಟು ಅರೇಯನ್ನು ಬಗ್ಗಿಸಿದರೆ ಅದು ಯಾಕೆ ಕೆಡುತ್ತದೆ? ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಉಬ್ಬಿದ ಮೇಲ್ಮೈ ಡಿಶ್ ಥರ ಅಲೆಗಳನ್ನು ಒಂದೆಡೆ ಕೂಡಿಸುತ್ತದೆ, ಅಲ್ವಾ?

ಇಲ್ಲ. ಡಿಶ್ ಒಳಕ್ಕೆ ಬಾಗಿರುತ್ತದೆ, ನಿಮ್ಮದು ಹೊರಕ್ಕೆ ಬಾಗಿದೆ.

ಸಪಾಟಾಗಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತಿದ್ದ ಪ್ಯಾಚ್ (ಚಪ್ಪಟೆ ಲೋಹದ ತುಂಡುಗಳ) ಅರೇಯನ್ನು ಸಿಲಿಂಡರ್ ಮೇಲೆ ಅಂಟಿಸಿದೆ. ಫೀಡ್ (ಎಲಿಮೆಂಟುಗಳಿಗೆ ಸಿಗ್ನಲ್ ಹಂಚುವ ಜಾಲ) ಬದಲಿಸಿಲ್ಲ. ಗೇನ್ (ಬೇಕಾದ ದಿಕ್ಕಿಗೆ ಸಿಗುವ ಬಲ) ಬಿತ್ತು, ಬೀಮ್ (ಅರೇ ಕಳಿಸುವ ಮುಖ್ಯ ಕಿರಣ) ಅಗಲವಾಯಿತು, ನಲ್‌ಗಳು (ಸಿಗ್ನಲ್ ಹೋಗದ ದಿಕ್ಕುಗಳು) ಮುಚ್ಚಿಹೋದವು. ಏಕೆ?

ಫೀಡ್ ಬದಲಿಸಿಲ್ಲ ಎಂದು ನೀವೇ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ.

ಒಂದು ಲೆಕ್ಕ ಮಾಡೋಣ. 10 ಗಿಗಾಹರ್ಟ್ಸ್, ಅಂದರೆ ತರಂಗಾಂತರ 3 ಸೆಂ.ಮೀ. ಸಿಲಿಂಡರಿನ ತ್ರಿಜ್ಯ 15 ಸೆಂ.ಮೀ. ನಡುವಿನ ಎಲಿಮೆಂಟ್ ಮುಂದಿದೆ, ಪಕ್ಕದವು ಹಿಂದೆ ಸರಿದಿವೆ. ನಡುವಿನಿಂದ 60 ಡಿಗ್ರಿಯಲ್ಲಿ ಕೂತ ಎಲಿಮೆಂಟ್ 7.5 ಸೆಂ.ಮೀ. ಹಿಂದಿದೆ. ಅದು ಎರಡೂವರೆ ತರಂಗಾಂತರ, ಅಂದರೆ 900 ಡಿಗ್ರಿ ಫೇಸ್. ಎರಡು ಪೂರ್ತಿ ಸುತ್ತು ಕಳೆದರೆ ಉಳಿಯುವುದು 180. ನಡುವಿನ ಎಲಿಮೆಂಟ್ ಕಳಿಸಿದ್ದನ್ನು ಇದು ಅಳಿಸುತ್ತದೆ! ಅಷ್ಟು ದೂರ ಹೋಗುವುದೂ ಬೇಡ, ಸುಮಾರು 26 ಡಿಗ್ರಿಯಲ್ಲಿ ಕೂತ ಎಲಿಮೆಂಟೇ ನಡುವಿನದಕ್ಕೆ ಪೂರ್ತಿ ವಿರುದ್ಧವಾಗಿರುತ್ತದೆ. ಒಂದೊಂದು ಭಾಗವೂ ತನ್ನ ಮುಖ ಇರುವ ಕಡೆಗೆ ಹರಡುತ್ತದೆ. ಬೀಮ್ ಅಗಲವಾಗದೆ ಇನ್ನೇನಾಗುತ್ತದೆ?

ಹಾಗಾದರೆ ಫೇಸ್ ಶಿಫ್ಟರ್ ಹಾಕಿ ಆ 180 ಡಿಗ್ರಿ ತಿದ್ದಿಬಿಟ್ಟರೆ ಸಾಕಾ? ಒಂದು ಫ್ರೀಕ್ವೆನ್ಸಿಗೆ ಸಾಕು. 10.5 ಗಿಗಾಹರ್ಟ್ಸ್‌ಗೆ ಹೋಗಿ ನೋಡಿ. ಅದೇ 7.5 ಸೆಂ.ಮೀ. ಈಗ 945 ಡಿಗ್ರಿ. ನೀವು ತಿದ್ದಿದ್ದು 900ಕ್ಕೆ, ಆದ್ದರಿಂದ ಅಂಚಿನಲ್ಲಿ 45 ಡಿಗ್ರಿ ತಪ್ಪು ಉಳಿಯಿತು. ಅಗಲ ಬ್ಯಾಂಡ್ ಬೇಕಿದ್ದರೆ ಫೇಸ್ ಅಲ್ಲ, ಸಮಯವನ್ನೇ ಸರಿಹೊಂದಿಸಬೇಕು: ಅಂಚಿಗಿಂತ ನಡುವಿನ ಎಲಿಮೆಂಟಿಗೆ 250 ಪಿಕೋಸೆಕೆಂಡ್ ತಡ.

ಫೇಸ್ ಸರಿಯಾದ ಮೇಲೂ ಗೇನ್ ಪೂರ್ತಿ ವಾಪಸ್ ಬರುವುದಿಲ್ಲ. ಎಲಿಮೆಂಟುಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ. 60 ಡಿಗ್ರಿಯಲ್ಲಿರುವುದು ನಿಮ್ಮ ಬೀಮಿನ ಕಡೆಗೆ ಒಳ್ಳೆಯ ಲೆಕ್ಕದಲ್ಲೂ ಅರ್ಧ ಪವರ್ ಅಷ್ಟೇ ಕೊಡುತ್ತದೆ. 90 ದಾಟಿದವು ನೆರಳಿನಲ್ಲಿವೆ. ಅವುಗಳಿಂದ ಮೇಲ್ಮೈಯ ಉದ್ದಕ್ಕೂ ತೆವಳಿ ಬರುವ ಅಲೆ ಮಾತ್ರ ಈ ಕಡೆ ಮುಟ್ಟುತ್ತದೆ. ಅದು ಪ್ಯಾಟರ್ನಿನಲ್ಲಿ (ಯಾವ ದಿಕ್ಕಿಗೆ ಎಷ್ಟು ಪವರ್ ಎಂಬ ಚಿತ್ರದಲ್ಲಿ) ಏರಿಳಿತ ಮೂಡಿಸುತ್ತದೆ. ಅದಕ್ಕೇ ಒಂದು ಬೀಮಿಗೆ ಸಾಮಾನ್ಯವಾಗಿ 90ರಿಂದ 120 ಡಿಗ್ರಿಯ ತುಂಡನ್ನು ಮಾತ್ರ ಚಾಲೂ ಇಡುತ್ತಾರೆ. ಬೀಮ್ ತಿರುಗಿಸಲು ಆ ತುಂಡನ್ನೇ ಸುತ್ತ ಸರಿಸುತ್ತಾರೆ.

ಇಲ್ಲಿ ನನಗೆ ಸಿಟ್ಟು ತರಿಸುವ ವಿಷಯ ಒಂದಿದೆ. ಒಂದು ಎಲಿಮೆಂಟಿನ ಪ್ಯಾಟರ್ನನ್ನು ಅರೇ ಫ್ಯಾಕ್ಟರಿಗೆ (ಎಲಿಮೆಂಟುಗಳ ಜಾಗ, ಫೇಸ್ ಇವುಗಳಿಂದ ಬರುವ ಲೆಕ್ಕ) ಗುಣಿಸಿದರೆ ಮುಗೀತು ಎಂದು ಹೇಳಿಕೊಡುವವರು ಇನ್ನೂ ಇದ್ದಾರೆ. ಎಲ್ಲ ಎಲಿಮೆಂಟುಗಳೂ ಒಂದೇ ಕಡೆ ಮುಖ ಮಾಡಿದ್ದರೆ ಮಾತ್ರ ಹಾಗೆ ಗುಣಿಸಬಹುದು. ಬಾಗಿದ ಅರೇಯಲ್ಲಿ ಪ್ರತಿ ಎಲಿಮೆಂಟಿನ ಪ್ಯಾಟರ್ನನ್ನೂ ಅದು ಕೂತ ಜಾಗದಲ್ಲೇ, ಅಕ್ಕಪಕ್ಕದವು ಇದ್ದ ಹಾಗೆಯೇ ತೆಗೆದುಕೊಂಡು ಒಂದೊಂದಾಗಿ ಕೂಡಿಸಬೇಕು. ಪೋಲರೈಸೇಶನ್ (ಅಲೆಯ ವಿದ್ಯುತ್ ಕ್ಷೇತ್ರ ಕಂಪಿಸುವ ದಿಕ್ಕು) ಕೂಡ ಸೇರಿಸಿ. ಕೋನ್ ಅಥವಾ ಗೋಲದ ಮೇಲಂತೂ ಅದು ಎಲಿಮೆಂಟಿನಿಂದ ಎಲಿಮೆಂಟಿಗೆ ತಿರುಗುತ್ತದೆ, ಬಿಟ್ಟರೆ ಕ್ರಾಸ್ ಪೋಲರೈಸೇಶನ್ (ಬೇಡದ ಅಡ್ಡ ದಿಕ್ಕಿನ ಕಂಪನ) ಜಾಸ್ತಿಯಾಗುತ್ತದೆ.

ಇಷ್ಟೆಲ್ಲ ತಾಪತ್ರಯ ಇದ್ದರೆ ಯಾಕೆ ಬಗ್ಗಿಸಬೇಕು?

ಸಪಾಟು ಅರೇಯ ಬೀಮನ್ನು 60 ಡಿಗ್ರಿ ಓರೆ ಮಾಡಿದರೆ ಆ ದಿಕ್ಕಿನಿಂದ ಕಾಣುವ ಅರೇಯ ಅಗಲ ಅರ್ಧವಾಗುತ್ತದೆ, ಗೇನ್ ಕನಿಷ್ಠ 3 ಡೆಸಿಬೆಲ್ ಬೀಳುತ್ತದೆ. ಸಿಲಿಂಡರಿನಲ್ಲಿ ಸುತ್ತ 360 ಡಿಗ್ರಿಯೂ ಹೆಚ್ಚುಕಡಿಮೆ ಅದೇ ಬೀಮ್ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲೇ ಜರ್ಮನ್ನರು ವುಲೆನ್‌ವೆಬರ್ ಎಂಬ ದುಂಡನೆಯ ಅರೇಯನ್ನು ಇದಕ್ಕಾಗಿಯೇ ಕಟ್ಟಿದ್ದರು.

ಇಡೀ ಉಂಗುರವನ್ನೇ ಚಾಲೂ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ?

ಸುಮ್ನೆ ಸಮನಾಗಿ ಪವರ್ ಕೊಟ್ಟರೆ ಮೊದಲ ಸೈಡ್‌ಲೋಬ್ (ಮುಖ್ಯ ಬೀಮಿನ ಪಕ್ಕದ ಬೇಡದ ಕಿರಣ) ಮುಖ್ಯ ಬೀಮಿಗೆ ಹೋಲಿಸಿದರೆ ಮೈನಸ್ 8 ಡೆಸಿಬೆಲ್ ಹತ್ತಿರ ಬರುತ್ತದೆ. ನೇರ ಸಾಲಿನ ಅರೇಯಲ್ಲಿ ಅದು ಮೈನಸ್ 13, ಅಂದರೆ ಇನ್ನೂ ಸಣ್ಣದು. ಬೇಡ.

ಗೋಲವೇ ಎಲ್ಲಕ್ಕಿಂತ ಉತ್ತಮವೇ?

ಆಕಾಶ ಪೂರ್ತಿ ನೋಡಬೇಕಿದ್ದರೆ ಮಾತ್ರ. ಒಂದೊಂದು ಬೀಮಿಗೂ ಬಹುಪಾಲು ಎಲಿಮೆಂಟುಗಳು ಖಾಲಿ ಕೂತಿರುತ್ತವೆ.

ಫೋನಿನ ಹಿಂದೆ ಅಂಟಿಸುವ 'ಬಾಗಿದ ಅರೇ' ಸ್ಟಿಕ್ಕರ್ ಸಿಗ್ನಲ್ ಹೆಚ್ಚಿಸುತ್ತದೆಯೇ?

ಯಾವ ಸರ್ಕ್ಯೂಟಿಗೂ ಸೇರದ ಲೋಹದ ಹಾಳೆ ಅದು. ಮಾರುವವರು ಮೋಸ ಮಾಡುತ್ತಿದ್ದಾರೆ. ಕಿತ್ತೆಸೆಯಿರಿ.

ಡ್ರೋನಿನ ರೆಕ್ಕೆಗೆ ಅರೇ ಅಂಟಿಸಿದ್ದೇನೆ. ನೆಲದಲ್ಲಿ ಸರಿ, ಹಾರುವಾಗ ಬೀಮ್ ಕೆಡುತ್ತದೆ.

ರೆಕ್ಕೆ ಬಾಗುತ್ತಿದೆ. 10 ಗಿಗಾಹರ್ಟ್ಸ್‌ನಲ್ಲಿ 2 ಮಿ.ಮೀ. ಸರಿದರೂ 24 ಡಿಗ್ರಿ ಫೇಸ್ ತಪ್ಪುತ್ತದೆ. ನನ್ನನ್ನು ಕೇಳಿದರೆ ಮೊದಲು ಅರೇಯನ್ನು ಬಾಗದ ಜಾಗಕ್ಕೆ, ರೆಕ್ಕೆಯ ಬುಡಕ್ಕೆ, ಸರಿಸಿ. ಅದು ಆಗಲ್ಲ ಅಂದರೆ ಬಾಗುವಿಕೆ ಅಳೆಯುವ ಸೆನ್ಸರ್ ಹಾಕಿ, ಹಾರುತ್ತಿರುವಾಗಲೇ ಫೇಸ್ ತಿದ್ದಿ.