ಅಂಡಾಣುವಿನಲ್ಲಿ ‘ಅಣು’ ಯಾಕೆ ಬಂತು?

ಪ್ರಶ್ನೆ: ‘ಅಣು’ ಅಂದರೆ ಮಾಲಿಕ್ಯೂಲ್ ಎಂದು ಕಲಿತಿದ್ದೇವೆ. ಹಾಗಾದರೆ ‘ಅಂಡಾಣು’ ಅಣುವೋ, ಜೀವಕೋಶವೋ? ಇಂಗ್ಲಿಷ್‌ನಲ್ಲಿ ಒಂದು ಕಡೆ ಓವಮ್, ಇನ್ನೊಂದು ಕಡೆ ಊಸೈಟ್ ಅಂತಿದೆ. ಎರಡೂ ಒಂದೇನಾ? ಟೀಚರ್ ಆ ಪಾಠ ಬೇಗ ಮುಗಿಸಿಬಿಟ್ಟರು.
– ಹತ್ತನೇ ತರಗತಿ ವಿದ್ಯಾರ್ಥಿನಿ, ಕುಮಟಾ

ಉತ್ತರ: ಮಗೂ, ನಾನು ಕಾರವಾರದಲ್ಲಿ 28 ವರ್ಷ ಜೀವಶಾಸ್ತ್ರ ಕಲಿಸಿದವಳು. ಮೊದಮೊದಲು ನಾನೂ ಆ ಪಾಠ ಓಡಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಂಡಾಣು ಅಂದರೆ ಜೀವಕೋಶವೇ. ಅದರೊಳಗೆ ಲೆಕ್ಕವಿಲ್ಲದಷ್ಟು ಅಣುಗಳಿರುತ್ತವೆ. ಇಲ್ಲಿ ‘ಅಣು’ ಅಂದರೆ ತೀರಾ ಸಣ್ಣದು ಅಂತ ಅಷ್ಟೇ. ರೋಗಾಣು, ವೀರ್ಯಾಣು ಅಂತೀವಲ್ಲ, ಹಾಗೇ. ‘ಅಂಡ’ ಸಂಸ್ಕೃತದ ಮಾತು, ನಮ್ಮ ಮೊಟ್ಟೆ, ತತ್ತಿ. ಹಕ್ಕಿ, ಹಾವು, ಮೀನುಗಳನ್ನು ಹಿಂದಿನವರು ಅಂಡಜ ಎಂದಿದ್ದು ಅದಕ್ಕೇ. ನನ್ನನ್ನು ಕೇಳಿದರೆ ಅಣು ಅಂತ ಸೇರಿಸಿದ್ದು ಸ್ವಲ್ಪ ಅನ್ಯಾಯ. ಮನುಷ್ಯರ ಅಂಡಾಣುವಿನ ಅಡ್ಡಗಲ ಸುಮಾರು 0.1 ಮಿ.ಮೀ. ಕಣ್ಣು ಚುರುಕಾಗಿದ್ದರೆ ಬರಿಗಣ್ಣಿಗೇ ಚುಕ್ಕೆಯಂತೆ ಕಂಡೀತು. ವೀರ್ಯಾಣುವಿನ ತಲೆ ಅದರ ಇಪ್ಪತ್ತರಲ್ಲಿ ಒಂದು ಪಾಲು!

ಚಿಪ್ಪಿಲ್ಲದೆ ಎಂಥ ಮೊಟ್ಟೆ ಅನ್ನಬೇಡ. ಕೋಳಿ ಮೊಟ್ಟೆಯಲ್ಲೂ ನಡುವಿನ ಹಳದಿ ಉಂಡೆಯಷ್ಟೇ ಅಂಡಾಣು. ಬಿಳಿ, ಚಿಪ್ಪು ಎಲ್ಲ ಆಮೇಲೆ ಸುತ್ತಿಕೊಂಡಿದ್ದು. ಮನೆಯಲ್ಲಿ ಮೀನು ತಿನ್ನುವವರಾದರೆ ಇನ್ನೂ ಸುಲಭ. ಬಾಂಗಡೆ ಕೊಯ್ಯುವಾಗ ಗಾಬೋಳಿ, ಅಂದರೆ ಮೀನಿನ ಹೊಟ್ಟೆಯೊಳಗಿನ ತತ್ತಿಯ ಗಂಟು, ಸಿಕ್ಕರೆ, ಅಮ್ಮ ರವೆ ಹಚ್ಚಿ ಹುರಿಯುವ ಮೊದಲೇ ಒಂದು ಚೂರು ಇಸಕೋ. ಬಟ್ಟಲು ನೀರಿನಲ್ಲಿ ಬೆರಳಿಂದ ಮೆತ್ತಗೆ ಬಿಡಿಸು. ತೆಳ್ಳನೆ ಪೊರೆ ಹರಿದು ಸಣ್ಣ ಸಣ್ಣ ಕಾಳು ಉದುರುತ್ತವೆ. ಒಂದೊಂದು ಕಾಳೂ ಒಂದೊಂದು ಕೋಶ. ನಾನೊಮ್ಮೆ ಟಿಫಿನ್ ಡಬ್ಬಿಯಲ್ಲಿ ಗಾಬೋಳಿ ಒಯ್ದು ಕ್ಲಾಸಿನಲ್ಲಿ ತೋರಿಸಿದೆ. ಆ ದಿನ ಮಕ್ಕಳಲ್ಲಿ ಯಾರೂ ಕಿಸಕ್ಕನೆ ನಗಲಿಲ್ಲ. ಆದರೆ ಡಬ್ಬಿ ಇಟ್ಟಿದ್ದು ಸ್ಟಾಫ್ ರೂಮಿನಲ್ಲಿ. ಪಕ್ಕದ ಕುರ್ಚಿಯ ಸಸ್ಯಾಹಾರಿ ಮೇಡಂ ಎರಡು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ.

ಇನ್ನು ಓವಮ್. ಲ್ಯಾಟಿನ್‌ನಲ್ಲಿ ಮೊಟ್ಟೆ ಅಂತಲೇ ಅರ್ಥ. ಒಂದಕ್ಕಿಂತ ಜಾಸ್ತಿ ಇದ್ದರೆ ಓವಾ. ಓವರಿ, ಓವಲ್ ಅದರ ಮಕ್ಕಳು. ಹೆಸರು ಹಳೆಯದು, ವಸ್ತು ಕಣ್ಣಿಗೆ ಬಿದ್ದಿದ್ದು ತಡವಾಗಿ. 1672ರಲ್ಲಿ ಡಚ್ ವೈದ್ಯ ಡಿ ಗ್ರಾಫ್ ಅಂಡಾಶಯದ ಮೇಲಿನ ಗುಳ್ಳೆಗಳನ್ನೇ ಮೊಟ್ಟೆ ಅಂದುಕೊಂಡ. 1827ರಲ್ಲಿ ಕಾರ್ಲ್ ಫಾನ್ ಬೇರ್ ಹೆಣ್ಣುನಾಯಿಯ ಅಂಡಾಶಯದಲ್ಲಿ ಅಂಥದೊಂದು ಗುಳ್ಳೆ ಬಿಡಿಸಿ, ಒಳಗಿದ್ದ ಹಳದಿ ಚುಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ನಿಜವಾದ ಮೊಟ್ಟೆ ಅದು.

ಊಸೈಟ್ ಗ್ರೀಕ್‌ನಿಂದ ಬಂತು: ‘ಓಯಾನ್’ ಮೊಟ್ಟೆ, ‘ಕೈಟಾಸ್’ ಟೊಳ್ಳು ಪಾತ್ರೆ. ಅಂಡಾಶಯದಿಂದ ಹೊರಬೀಳುವಾಗ ಈ ಕೋಶದ ಕೊನೆಯ ವಿಭಜನೆ ಅರ್ಧಕ್ಕೇ ನಿಂತಿರುತ್ತದೆ. ವೀರ್ಯಾಣು ಒಳಹೊಕ್ಕ ಮೇಲೇ ಅದು ಮುಗಿಯುವುದು. ಅಲ್ಲಿಯವರೆಗೆ ಊಸೈಟ್, ಮುಗಿದ ಮೇಲೆ ಓವಮ್. ನಿನ್ನ ಪರೀಕ್ಷೆಗೆ ಓವಮ್ ಸಾಕು, ಮಾರ್ಕ್ಸ್ ಹೋಗುವುದಿಲ್ಲ.

ಗಾಬೋಳಿ ನೋಡುವುದಿದ್ದರೆ ಮೇ ತಿಂಗಳಲ್ಲೇ ನೋಡು. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅಂತಲೇ ಆ ರಜೆ.