ಹಲ್ಲು ಬಂದ ಮೇಲೂ ತೊದಲಬೇಕೇ?

ಶಿರಸಿ ಹತ್ತಿರದ ಹಳ್ಳಿಯಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಬರೆದ ತಾಯಿಯ ಹೆಸರು, ಊರು ಇಲ್ಲಿ ಬೇಡ. ಎಂಟು ವರ್ಷದ ಮಗಳು ಅಮ್ಮಮ್ಮನ ಅಡುಗೆಮನೆಯಲ್ಲಿ ಕೂತು, ಮಾವಿನಹಣ್ಣಿನ ಸಾಸಿವೆ ಮಾಡುವುದನ್ನು ಹವ್ಯಕ ಮಾತಿನಲ್ಲಿ ಹೇಳಿದ ರೀಲ್ಸು ಒಂದೂವರೆ ವರ್ಷದ ಹಿಂದೆ ಎಲ್ಲರ ಫೋನಿಗೂ ಹರಿದಾಡಿತು. ಈಗ ನಲವತ್ತು ಸಾವಿರ ಫಾಲೋವರ್ಸ್. ಅಕೌಂಟು ನಡೆಸುವವನು ಬೆಂಗಳೂರಿನಲ್ಲಿರುವ ಸೋದರಮಾವ. ಬಟ್ಟೆ ಅಂಗಡಿ, ಮಸಾಲೆ ಪುಡಿ ಅಂತ ಜಾಹೀರಾತು ಬರುತ್ತಿವೆ, ದುಡ್ಡು ಅವನ ಖಾತೆಗೆ. ಮಗಳಿಗೆ ಧೈರ್ಯ ಬಂದಿದೆ, ಶಾಲೆಯಲ್ಲಿ ಭಾಷಣ ಮಾಡುತ್ತಾಳೆ. ಓದು ಮಾತ್ರ ಹಿಂದೆ ಬಿದ್ದಿದೆ. ಮುಂದುವರಿಸಲೋ ನಿಲ್ಲಿಸಲೋ ಎಂದು ಕೇಳಿದ್ದಾರೆ.

ತಂಗೀ, ನೀವು ಕೊನೆಯ ಪುಟದಲ್ಲಿ ಹಾಗೇ ದಾಟಿಹೋದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. 'ಎದುರಿನ ಹಲ್ಲು ಬಂದ ಮೇಲೆ ವ್ಯೂಸ್ ಇಳಿದವು, ಅದಕ್ಕೆ ತಮ್ಮ ಮೊದಲಿನ ಹಾಗೇ ಥಾಥಿವೆ ಅನ್ನು ಅಂತ ಹೇಳಿಕೊಡ್ತಾನೆ.' ಸಾಸಿವೆ ಎಂದು ಸ್ಪಷ್ಟವಾಗಿ ಹೇಳಬಲ್ಲ ಮಗು ಈಗ ಬೇಕೆಂದೇ ಥಾಥಿವೆ ಅನ್ನಬೇಕು! ಹಲ್ಲು ಬಂದದ್ದು ಮನೆಯಲ್ಲಿ ಸಂಭ್ರಮವಾಗಬೇಕಿತ್ತು. ಅದು ನಷ್ಟವಾಯಿತಲ್ಲ ಎಂದು ಆ ಕೂಸಿಗೆ ಗೊತ್ತಾಗಿಬಿಟ್ಟಿದೆ. ಓದು ಹಿಂದೆ ಬಿದ್ದರೆ ಎರಡು ತಿಂಗಳಲ್ಲಿ ಸರಿಮಾಡಬಹುದು. ದೊಡ್ಡವಳಾದರೆ ಯಾರಿಗೂ ಬೇಡ ಎಂಬ ಭಯ ಅಷ್ಟು ಬೇಗ ಹೋಗುವುದಿಲ್ಲ.

ನಮ್ಮ ಯಕ್ಷಗಾನದಲ್ಲಿ ಮಕ್ಕಳು ಬಾಲಗೋಪಾಲ ವೇಷ ಕಟ್ಟುವುದಿಲ್ಲವೇ ಎಂದು ತಮ್ಮ ವಾದಿಸುತ್ತಾನಂತೆ. ಕಟ್ಟುತ್ತಾರೆ, ನಾನೂ ಕಣ್ತುಂಬ ನೋಡಿದ್ದೇನೆ. ಕಥೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ ಕುಣಿದ ಹುಡುಗ ಬೆಳೆದಂತೆ ಸ್ತ್ರೀವೇಷಕ್ಕೆ, ತರುಣ ವೀರರ ಪುಂಡುವೇಷಕ್ಕೆ ಹೋಗುತ್ತಾನೆ. ದನಿ ಒಡೆದರೆ ಗುರುಗಳು ಬೇರೆ ವೇಷ ಕೊಡುತ್ತಾರೆ, ಹಳೆಯ ದನಿಯನ್ನೇ ಎಳೆದು ತಾ ಅನ್ನುವುದಿಲ್ಲ. ಬೆಳಗಾದರೆ ಬಣ್ಣ ತೆಗೆದು ಗಂಜಿ ಉಣ್ಣುತ್ತಾನೆ. ನಿಮ್ಮ ಮಗಳ ಬಣ್ಣ ತೆಗೆಯುವ ಹೊತ್ತು ಯಾವುದು?

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ: ದುಡ್ಡು ಬಂದರೆ ಅದು ಆಟವಲ್ಲ, ದುಡಿಮೆ. ಸಿನಿಮಾ, ಧಾರಾವಾಹಿ, ಜಾಹೀರಾತಿನ ಮಕ್ಕಳಿಗೆ 2017ರ ನಿಯಮಗಳಿವೆ. ದಿನಕ್ಕೆ 5 ಗಂಟೆ ಮೀರುವಂತಿಲ್ಲ, ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು, ಗಳಿಕೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಫ್ರಾನ್ಸ್ 2020ರಲ್ಲೇ ಆನ್‌ಲೈನ್ ವಿಡಿಯೋಗಳಲ್ಲಿ ಕಾಣಿಸಿಕೊಳ್ಳುವ 16 ವರ್ಷದೊಳಗಿನ ಮಕ್ಕಳಿಗಾಗಿ ಕಾನೂನು ತಂದಿತು. ನಿಮ್ಮ ಅಡುಗೆಮನೆಯಲ್ಲಿ ಗಂಟೆ ನೋಡುವವರಿಲ್ಲ, ಲೆಕ್ಕ ಕೇಳುವವರಿಲ್ಲ. ವಿಡಿಯೋಗಾಗಿ ಅಮ್ಮಮ್ಮನೂ ಒಂದೇ ಒಗ್ಗರಣೆಯನ್ನು ಮೂರು ಸಲ ಹಾಕುತ್ತಿದ್ದಾರೆ.

ಧೈರ್ಯ ಬಂದದ್ದು ನಿಜ, ಅದು ಉಳಿಯಲಿ. ಪೇಟೆಯಲ್ಲಿ ಹವ್ಯಕ ಮಾತಾಡಲು ನಾಚುವ ಮಕ್ಕಳ ನಡುವೆ ಇವಳು ನಾಚಲಿಲ್ಲ, ಅದಕ್ಕೆ ನನಗೂ ಖುಷಿಯಿದೆ. ಶಾಲೆಯ ವೇದಿಕೆ ಇದೆ, ಅಲ್ಲಿ ಮಾತಾಡಲಿ.

ತಮ್ಮನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ದೂರದಲ್ಲಿ ಕೂತವನಿಗೆ ಅಂಕಿ ಕಾಣುತ್ತದೆ, ಮಗುವಿನ ಮುಖ ಕಾಣುವುದಿಲ್ಲ. ಸಿಟ್ಟಿರುವುದು ನಿಮ್ಮ ಯಜಮಾನರ ಮೇಲೆ. ಇಡೀ ಪತ್ರದಲ್ಲಿ ಅವರ ಬಗ್ಗೆ ಇರುವುದು ಒಂದೇ ಮಾತು: 'ಇವರು ಏನೂ ಹೇಳೂದಿಲ್ಲ.' ಮಗಳು ಬೇಕೆಂದು ತೊದಲುವುದನ್ನು ಅದೇ ಮನೆಯಲ್ಲಿ ಕೂತು ಕೇಳುವ ಅಪ್ಪ ಸುಮ್ಮನಿದ್ದರೆ, ಮಗುವಿಗೆ ಅದು ಒಪ್ಪಿಗೆಯೇ.

ಹಾಗಾಗಿ ಹೇಳುವುದು ಒಂದೇ. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ತಮ್ಮನಿಗೆ ಫೋನು ಯಜಮಾನರೇ ಮಾಡಲಿ, ನೀವಲ್ಲ. ದುಡ್ಡಿನ ವಿಡಿಯೋ ಇನ್ನು ಇಲ್ಲ, ತಗೊಂಡ ಮುಂಗಡ ವಾಪಸ್ ಕೊಡು ಎಂದು ಹೇಳಲಿ. ಮಗಳು ಪಕ್ಕದಲ್ಲೇ ಕೂತಿರಲಿ, ಅಪ್ಪ ಹೇಳಿದ್ದು ಅವಳ ಕಿವಿಗೆ ಬೀಳಬೇಕು.